ಒಡೆದ ಕಿವಿಯ ಅಪೀಲು

ಆ ಮನೆಗೆ ಬಾಡಿಗೆಗೆ ಹೋದ ಹೊಸತರಲ್ಲಿ ಮನೆಯ ಮಾಲೀಕರಾದ ಗಂಡ ಹೆಂಡಿರ ಜಗಳ ಬಿಡಿಸಲೆಂದು ನಾನು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದ್ದೇನೆ. ಹೆಂಡತಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಗಂಡ ಮಣೆಯ ಮೇಲೆ ಕುಳಿತು ತಲೆಯಾಡಿಸುತ್ತಿದ್ದರು. ನಾನು ಏದುಸಿರು ಬಿಡುತ್ತ ನಿಂತದ್ದನ್ನು ಕಂಡು ಆಕೆ ಅದೇ ದನಿಯಲ್ಲಿ, "ಏನಿಲ್ರಿ ಅಕ್ಕೋರ, ಪಲ್ಯಾಕ ಉಪ್ಪು ಹೆಂಗಾಗೇತಿ ಅಂತ ಕೇಳಾಕತ್ತೇನಿ" ಎಂದರು. ನನಗೆ ನಗಬೇಕೋ ನಾಚಬೇಕೋ ತಿಳಿಯಲಿಲ್ಲ. ಕೊನೆಗೆ ಅವರ ಪಕ್ಕದಲ್ಲೇ ಕುಳಿತು ಬಿಸಿ ರೊಟ್ಟಿ ತಿಂದು ಬಂದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಧಾರವಾಡದಲ್ಲಿ ಹುಟ್ಟಿ ಬೆಳೆದ ನನಗೆ ಹಳಿಯಾಳದ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತ್ತು. ಬಸ್‌ಸ್ಟ್ಯಾಂಡಿನಿಂದ ದೂರವಿಲ್ಲದ ಒಂದು ಓಣಿಯಲ್ಲಿ ಮುಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮರಾಠಾ ಕುಟುಂಬ ಅದು. ಅವರಿಬ್ಬರೂ ತಮ್ಮ ತಮ್ಮಲ್ಲಿ ಮರಾಠಿ, ನನ್ನೊಡನೆ ಕನ್ನಡ ಮಾತಾಡುತ್ತಿದ್ದರು. ನಾನು ಅವರನ್ನು ಕಾಕಾ, ಕಾಕು ಎನ್ನುತ್ತಿದ್ದೆ, ಅವರು ನನ್ನನ್ನು ಆ ಕಡೆ ಟೀಚರನ್ನು ಕರೆಯುವಂತೆ ಅಕ್ಕೋರ ಎನ್ನುತ್ತಿದ್ದರು. ಕಾಕಾ ಸೈನ್ಯದಲ್ಲಿ ತೋಪು ಹಾರಿಸುವ ದಳದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾಗಿ ಬಂದವರು. ಮೈ ಕೈ ಎಲ್ಲ ನೆಟ್ಟಗೆ ಬಂದಿದ್ದವು, ಕೇಳುವ ಶಕ್ತಿಯೊಂದು ತೋಪುಗಳ ಹತ್ತಿರವೇ ಉಳಿದುಬಿಟ್ಟಿತ್ತು. ಎದುರಿಗೆ ನಿಂತು ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗಿ ನೋಡುತ್ತಿರಲಿಲ್ಲ.

ಅವರ ಕಿವಿಗಳನ್ನು ಮೊದಲ ಸಲ ನೋಡಿದವರು ಎರಡನೆಯ ಸಲ ಕದ್ದು ನೋಡುತ್ತಿದ್ದರು. ಕಣಕದ ಉಂಡೆಯನ್ನು ಹಿಸುಕಿ ತಲೆಗೆ ಅಂಟಿಸಿದ ಹಾಗಿದ್ದವು. ನಾನು ಪಾಪ ಯಾವುದೋ ಸಿಡಿಮದ್ದಿನ ಅವಘಡವೆಂದುಕೊಂಡು ಬಹಳ ದಿನ ಮರುಗಿದೆ. ಆಮೇಲೆ ಪೇಟೆಯಲ್ಲಿ ಅಂಥವೇ ಕಿವಿಯ ಹಾಲಿನವನನ್ನು ಕಂಡೆ, ಅಂಥವೇ ಕಿವಿಯ ಬಟ್ಟೆ ಅಂಗಡಿಯವರನ್ನು ಕಂಡೆ. ಕಾಕುಗೆ ಕೇಳಿದಾಗ ಆಕೆ ನನ್ನ ಮರುಕವನ್ನೆಲ್ಲ ಒಂದೇ ಮಾತಿನಲ್ಲಿ ಒರೆಸಿಹಾಕಿದರು: "ಅದು ಪೈಲವಾನ್ರ ಕಿವಿರಿ."

ಹಳಿಯಾಳ ಕುಸ್ತಿಯ ಊರು. ಗರಡಿಮನೆಗೆ ಅಲ್ಲಿ ತಾಲೀಮು ಎನ್ನುತ್ತಾರೆ, ಕುಸ್ತಿ ಕಲಿಸುವ ಗುರುವಿಗೆ ವಸ್ತಾದ ಎನ್ನುತ್ತಾರೆ. ಹುಡುಗ ಕಣದಲ್ಲಿ ಗಟ್ಟಿಯಾದ ಎಂದು ವಸ್ತಾದರಿಗೆ ಅನ್ನಿಸಿದ ಮೇಲೆ ಅವರು ಒಂದು ದಿನ ಅವನನ್ನು ಮುಂದೆ ಕೂರಿಸಿಕೊಂಡು ಅಂಗೈಯಿಂದ ಕಿವಿಗಳನ್ನು ತಿಕ್ಕಿ, ಹಿಸುಕಿ, ಬಡಿದು ಒಡೆಯುತ್ತಿದ್ದರು. ರಕ್ತ ಒಳಗೇ ಹೆಪ್ಪುಗಟ್ಟಿ ಕಿವಿ ಗಂಟಾಗುತ್ತಿತ್ತು. ಮುಂದೆ ಎದುರಾಳಿ ತಲೆ ತಿಕ್ಕಿದರೂ ನೋವಾಗಬಾರದು ಎಂಬುದು ಲೆಕ್ಕಾಚಾರ. ಎಲ್ಲ ತಾಲೀಮುಗಳಲ್ಲೂ ಹೀಗೆ ಮಾಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ಕಾಕಾ ಬೆಳೆದ ತಾಲೀಮಿನಲ್ಲಿ ಮಾಡುತ್ತಿದ್ದರು. ಕಿವಿ ಒಡೆಸಿಕೊಂಡ ಹುಡುಗ ಮರುದಿನ ಕೂದಲನ್ನು ಹಿಂದಕ್ಕೆ ಬಾಚಿಕೊಂಡು ಪೇಟೆಯಲ್ಲಿ ಬೇಕೆಂದೇ ಸುತ್ತು ಹಾಕುತ್ತಿದ್ದನಂತೆ. ನನಗೆ ಕೇಳಿಯೇ ಮೈ ಜುಮ್ಮೆಂದಿತು. ಕಾಕಾ ಮಾತ್ರ ಆ ದಿನದ ಬಗ್ಗೆ ಬೇರೆಯವರು ತಮ್ಮ ಮದುವೆಯ ಬಗ್ಗೆ ಹೇಳುವಂತೆ ಹೇಳುತ್ತಿದ್ದರು.

ಈ ಹೆಮ್ಮೆಯೇ ಅವರಿಗೆ ಮುಳುವಾಯಿತು. ಸೈನ್ಯ ಬಿಡುವ ಮುಂಚೆ ವೈದ್ಯಕೀಯ ಮಂಡಳಿಯ ಮುಂದೆ ಎಲ್ಲರನ್ನೂ ನಿಲ್ಲಿಸುತ್ತಾರೆ. ಶರೀರಕ್ಕೆ ಆಗಿರುವ ಊನ ಸೇವೆಯಿಂದ ಆದದ್ದೋ ಅಲ್ಲವೋ ಎಂದು ಅವರು ಬರೆದದ್ದರ ಮೇಲೆಯೇ ಅಂಗವೈಕಲ್ಯ ಪಿಂಚಣಿ ನಿಂತಿರುತ್ತದೆ. ಮಂಡಳಿಯ ಡಾಕ್ಟರು ಕಾಕಾನ ಕಿವಿ ನೋಡಿ, ಇದೇನಾಯಿತು ಎಂದು ಚೀಟಿಯಲ್ಲಿ ಬರೆದು ಕೇಳಿದರಂತೆ. ಬೇರೆ ಯಾರಾದರೂ ಆಗಿದ್ದರೆ ಗೊತ್ತಿಲ್ಲ ಸಾಹೇಬರೆ ಎಂದು ಸುಮ್ಮನಾಗುತ್ತಿದ್ದರು. ನಮ್ಮ ಕಾಕಾ ಎದೆ ಉಬ್ಬಿಸಿ, ಅಟೆನ್ಶನ್ನಿನಲ್ಲಿ ನಿಂತು, "ಸೈನ್ಯಕ್ಕೆ ಭರ್ತಿಯಾಗುವ ಮೊದಲೇ ನಮ್ಮ ವಸ್ತಾದರು ಕೈಯಾರೆ ಒಡೆದದ್ದು ಸರ್" ಎಂದು ಹಿಂದಿಯಲ್ಲಿ ಕೋಣೆ ಅದುರುವಂತೆ ಹೇಳಿದರು. ಡಾಕ್ಟರು ಬರೆದುಕೊಂಡರು. ಅವರದೇನು ತಪ್ಪು? ಹೇಳಿದ್ದನ್ನು ಬರೆದುಕೊಂಡರು.

ನಾನು ಆ ಮನೆಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ಒಂದು ಮಧ್ಯಾಹ್ನ ಕಾಕಾ ಹಾಕಿದ್ದ ಅಂಗವೈಕಲ್ಯದ ಅರ್ಜಿಗೆ ಪಿಂಚಣಿ ಕಚೇರಿಯ ಉತ್ತರ ಬಂತು. ಆ ಹೊತ್ತಿಗೆ ಮನೆಯಲ್ಲಿ ಕಾಕಾನ ಕಿವಿ ಒಡೆದ ಆ ವಸ್ತಾದರೂ ಇದ್ದರು. ಅವರು ದಾಂಡೇಲಿ ರಸ್ತೆಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದ ಮುಸಲ್ಮಾನ ಹಿರಿಯರು. ಬೆಳಗಿನ ಜಾವ ತಾಲೀಮು, ಹಗಲೆಲ್ಲ ಗ್ಯಾರೇಜು, ಸಂಜೆ ಮತ್ತೆ ತಾಲೀಮು, ಇದೇ ಅವರ ಜೀವನ. ಕಾಕಾ ಅವರ ಕೈಯಲ್ಲಿ ಬೆಳೆದವರಲ್ಲೇ ಮೇಲಾದ ಪಟು. ಊರಿಗೆ ಮರಳಿದ ಮೇಲೆ ಕಾಕಾ ದಿನಾ ಎರಡೂ ಹೊತ್ತು ತಾಲೀಮಿಗೆ ಹೋಗಿ ಹುಡುಗರಿಗೆ ಪಟ್ಟು ಹೇಳಿಕೊಡುತ್ತಿದ್ದರು. ವಾರಕ್ಕೊಮ್ಮೆ ವಸ್ತಾದರು ಚಹಾಕ್ಕೆಂದು ಮನೆಗೆ ಬರುತ್ತಿದ್ದರು. ಆಗ ಕಾಕು ಬೆಲ್ಲದ ಚಹಾ ಮಾಡುತ್ತಿದ್ದರು, ಏಕೆಂದರೆ ವಸ್ತಾದರಿಗೆ ಸಕ್ಕರೆಯ ಚಹಾ ಹಿಡಿಸುತ್ತಿರಲಿಲ್ಲ.

ಉತ್ತರ ಇಂಗ್ಲಿಷಿನಲ್ಲಿತ್ತು. ಕಾಕಾ ನನ್ನ ಕೈಗೆ ಕೊಟ್ಟು, "ಓದ್ರಿ ಅಕ್ಕೋರ, ವಸ್ತಾದ್ರೂ ಕೇಳಲಿ" ಎಂದರು. ಒಳ್ಳೆಯ ಸುದ್ದಿ ಎಂದೇ ಅವರಿಗೆ ಖಾತ್ರಿಯಿತ್ತು. ನಾನು ಓದುತ್ತ ಕನ್ನಡದಲ್ಲಿ ಹೇಳಿದೆ: ಕಿವುಡುತನಕ್ಕೂ ಸೇವೆಗೂ ಸಂಬಂಧವಿಲ್ಲ, ಭರ್ತಿಯಾಗುವ ಮೊದಲು ಕುಸ್ತಿಯಲ್ಲಿ ಎರಡೂ ಕಿವಿಗಳಿಗೆ ಆದ ಪೆಟ್ಟೇ ಇದಕ್ಕೆ ಕಾರಣ, ಆದ್ದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಕಾಕಾಗೆ ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದು ವಸ್ತಾದರಿಗೆ. ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾವನ್ನು ಹಾಗೆಯೇ ಕೆಳಗಿಟ್ಟರು. "ಅಂದ್ರ, ನಾ ಒಡದಿದ್ದಕ್ಕ ಇವನ ಕಿವಿ ಹೋತು ಅಂತನಾ?" ಎಂದು ನನ್ನನ್ನು ಕೇಳಿದರು. ಹಾಗಲ್ಲ, ಅವರು ಹಾಗೆ ಬರೆದಿದ್ದಾರೆ ಅಷ್ಟೆ, ಎಂದೆ. "ಸರಕಾರಿ ಡಾಕ್ಟರು ಸುಳ್ಳ ಯಾಕ ಬರೀತಾರ ಬೇಟಿ?" ಎಂದು ಎದ್ದು ಹೋದರು.

ಮರುದಿನದಿಂದ ಅವರು ತಾಲೀಮಿಗೆ ಬರಲಿಲ್ಲ. ಕೀಲಿಕೈಯನ್ನು ಓಣಿಯ ಹಿರಿಯರಿಗೆ ಒಪ್ಪಿಸಿ, ಇನ್ನೊಬ್ಬರ ಮಕ್ಕಳಿಗೆ ಕೈ ಹಚ್ಚುವ ಯೋಗ್ಯತೆ ತನಗಿಲ್ಲ ಎಂದರಂತೆ. ಹುಡುಗರು ಕೆಲವರು ಬೇರೆ ತಾಲೀಮಿಗೆ ಹೋದರು, ಕೆಲವರು ಕ್ರಿಕೆಟ್ ಬ್ಯಾಟು ಹಿಡಿದರು. ಬಾಗಿಲಿಗೆ ಬೀಗ ಬಿತ್ತು. ಕಾಕಾ ಗ್ಯಾರೇಜಿಗೆ ಹೋಗಿ ಎಷ್ಟೋ ಸಲ ಕೈ ಮುಗಿದು ಬಂದರು. ವಸ್ತಾದರು ಅವರಿಗೆ ಸ್ಟೂಲು ಹಾಕಿ ಕೂರಿಸಿ, ಚಹಾ ತರಿಸಿ, ತಾವು ಲಾರಿಯ ಕೆಳಗೆ ಹೋಗಿ ಮಲಗಿಬಿಡುತ್ತಿದ್ದರು. ಎದುರಿಗೆ ನಿಂತು ಬಾಯಿ ನೋಡಿ ಮಾತು ತಿಳಿಯುವ ಮನುಷ್ಯನಿಗೆ ಲಾರಿಯ ಕೆಳಗಿನಿಂದ ಯಾರು ಏನು ಹೇಳಿದರೆ ಏನು ಪ್ರಯೋಜನ?

"ಅಪೀಲು ಮಾಡೂಣ್ರಿ" ಎಂದರು ಕಾಕಾ ಒಂದು ಸಂಜೆ. "ರೊಕ್ಕಕ್ಕ ಅಲ್ಲ. ಸಾದಾ ಪಿಂಚಣಿ ಬರತೈತಿ, ಎಕ್ಕರೆ ಹೊಲ ಐತಿ, ಉಣ್ಣಾಕ ಕಡಿಮಿ ಇಲ್ಲ. ಸರಕಾರ ಬರದಿದ್ದನ್ನ ಸರಕಾರನ ಅಳಿಸಬೇಕು. ಅಲ್ಲೀತನಾ ವಸ್ತಾದ್ರು ಆ ಬಾಗಲಾ ತೆಗಿಯೂದಿಲ್ಲ."

ನನಗೆ ಶೇಕ್ಸ್‌ಪಿಯರನ್ನು ಹೇಗೋ ದಾಟಿಸಿಬಿಡಬಹುದು ಎಂಬ ಧೈರ್ಯವಿತ್ತು, ಸೈನ್ಯದ ಅಪೀಲು ಬರೆಯುವ ಧೈರ್ಯವಿರಲಿಲ್ಲ. ಆದರೆ ಓಣಿಯಲ್ಲಿ ಇಂಗ್ಲಿಷಿನವಳು ನಾನೊಬ್ಬಳೇ. ಒಲ್ಲೆ ಎನ್ನಲು ಬಾಯಿ ತೆರೆದೆ, ಬಾಗಿಲ ಸಂದಿಯಲ್ಲಿ ನಿಂತಿದ್ದ ಕಾಕುವಿನ ಮುಖ ನೋಡಿದೆ, ಬಾಯಿ ಮುಚ್ಚಿದೆ.

ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಸೈನ್ಯದ ಗುಮಾಸ್ತರಾಗಿ ನಿವೃತ್ತರಾದ ಒಬ್ಬರಿದ್ದಾರೆ, ಇಂಥ ಕೆಲಸ ಬಲ್ಲವರು ಎಂದು ತಿಳಿದು ಒಂದು ಭಾನುವಾರ ನಾವು ಮೂವರೂ ಬಸ್ಸು ಹತ್ತಿದೆವು. ಅವರು ಗದ್ದೆಯಿಂದ ಎದ್ದು ಬಂದು, ಕಾಲು ತೊಳೆದುಕೊಂಡು, ಕಾಗದವನ್ನೆಲ್ಲ ಎರಡು ಸಲ ಓದಿದರು. ಆಮೇಲೆ ತಲೆಗೆ ಕೈ ಹೊತ್ತುಕೊಂಡರು.

"ಬೋರ್ಡಿನ ಮುಂದ ಯಾರಾದ್ರೂ ಹಿಂಗ ಹೇಳತಾರೇನ್ರಿ? ಈಗ ಒಂದ ದಾರಿ ಐತಿ. ಕುಸ್ತಿ ಗಿಸ್ತಿ ನನಗ ಗೊತ್ತ ಇಲ್ಲ, ಹೆಲ್ಮೆಟ್ಟಿನ ಪಟ್ಟಿ ತಿಕ್ಕಿ ತಿಕ್ಕಿ ಕಿವಿ ಹಿಂಗಾತು, ಡಾಕ್ಟರು ತಪ್ಪ ತಿಳಕೊಂಡ್ರು ಅಂತ ಬರೀರಿ. ಕೇಸು ಹಗೂರಾಗತೈತಿ" ಎಂದರು.

ಇದನ್ನು ಕಾಕಾಗೆ ತಿಳಿಸುವ ಕೆಲಸ ಕಾಕುವಿನದು. ಆಕೆ ಕೂಗಿ ಹೇಳತೊಡಗಿದರು. ಸುಳ್ಳನ್ನು ಪಿಸುಮಾತಿನಲ್ಲಿ ಹೇಳಿದರೆ ಅದು ಹೇಗೋ ಉಪಾಯದಂತೆ ಕಾಣುತ್ತದೆ. ಕೂಗಿ ಹೇಳಬೇಕಾಗಿ ಬಂದಾಗ ಅದರ ಮುಖವೇ ಬೇರೆಯಾಗುತ್ತದೆ. ಅರ್ಧ ಹೇಳುವಷ್ಟರಲ್ಲಿ ಅಂಗಳದಲ್ಲಿ ಹುಲ್ಲು ಒಟ್ಟುತ್ತಿದ್ದವರು ತಿರುಗಿ ನೋಡಿದರು, ಕಾಕು ತಾವೇ ನಿಲ್ಲಿಸಿಬಿಟ್ಟರು. ಕಾಕಾಗೆ ಅಷ್ಟರಲ್ಲೇ ತಿಳಿದಿತ್ತು.

"ವಸ್ತಾದ್ರು ಒಡದ ಕಿವಿ ಇದು" ಎಂದರು. "ಹೆಲ್ಮೆಟ್ಟು ಒಡದಿದ್ದು ಅಂತ ಬರದು ಗೆದ್ರ, ಅದನ್ನ ತಗೊಂಡು ಅವರ ಮುಂದ ಹೆಂಗ ನಿಂದರಲಿ?"

ನನಗೆ ಸಿಟ್ಟು ಬಂದಿತ್ತು. ಹೊಟ್ಟೆ ಹಸಿದಿತ್ತು, ವಾಪಸು ಹೋಗುವ ಬಸ್ಸು ಸಂಜೆಗಿತ್ತು, ಈ ಮನುಷ್ಯ ಗೆಲ್ಲುವ ದಾರಿ ಕೈಯಲ್ಲಿಟ್ಟರೆ ಬೇಡ ಎನ್ನುತ್ತಿದ್ದರು. ಆದರೆ ಆ ಸಿಟ್ಟಿನ ಕೆಳಗೆ ನನಗೆ ಅವರ ಮೇಲೆ ಬಹಳ ಗೌರವ ಹುಟ್ಟಿತು, ಅದು ಇವತ್ತಿಗೂ ಹಾಗೆಯೇ ಇದೆ. ಗುಮಾಸ್ತರೂ ಕಾಗದವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, "ಹಂಗಾದ್ರ ಖರೇನ ಬರೀರಿ. ಇನ್ನೊಂದು ಮಾತು ಐತಿ. ಭರ್ತಿ ಮಾಡ್ಕೊಳ್ಳೂ ಮುಂದ ಕಿವಿ ತಪಾಸಣಿ ಮಾಡಿ ಪಾಸು ಮಾಡ್ಯಾರಲ್ಲ? ಆವಾಗೂ ಈ ಕಿವಿ ಒಡದ ಇತ್ತಲ್ಲ? ಅದನ್ನ ಕೇಳ್ರಿ" ಎಂದರು. ಆಮೇಲೆ ಅವರ ಮನೆಯಲ್ಲಿಯೇ ಅನ್ನ ಸಾರು ಉಂಡೆವು.

ನಾನು ಬರೆದೆ. ಕುಸ್ತಿ ಆಡಿದ್ದು ಹೌದು, ಕಿವಿ ಒಡೆಸಿಕೊಂಡದ್ದು ಹೌದು, ಆ ಒಡೆದ ಕಿವಿಯಲ್ಲೇ ಭರ್ತಿಯ ಡಾಕ್ಟರ ಪರೀಕ್ಷೆ ಪಾಸಾದದ್ದೂ ಹೌದು, ಆಮೇಲೆ ವರ್ಷಗಟ್ಟಲೆ ತೋಪಿನ ಪಕ್ಕದಲ್ಲಿ ನಿಂತದ್ದೂ ಹೌದು. ಕಾಕಾ ಪಕ್ಕದಲ್ಲಿ ಕುಳಿತು ಪ್ರತಿಯೊಂದು ವಾಕ್ಯದ ಅರ್ಥ ಕೇಳುತ್ತಿದ್ದರು. 'ದಯಮಾಡಿ' ಎಂದು ನಾನು ಎಲ್ಲೆಲ್ಲಿ ಬರೆದಿದ್ದೆನೋ ಅಲ್ಲೆಲ್ಲ ಹೊಡೆದುಹಾಕಿಸಿದರು. ದಯೆ ಯಾರು ಕೇಳಿದ್ದಾರೆ ಎಂಬುದು ಅವರ ತಕರಾರು.

ಮಾಜಿ ಸೈನಿಕರ ಕಚೇರಿಯ ಸಹಿಗಾಗಿ ಕಾರವಾರಕ್ಕೆ ಹೋಗಬೇಕಾಯಿತು. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಕಿವುಡರು ತಮ್ಮ ದನಿ ತಮಗೇ ಕೇಳದೆ ಎತ್ತರದಲ್ಲಿ ಮಾತಾಡುತ್ತಾರಲ್ಲ, ಹಾಗಾಗಿ ಜೋಯಿಡಾ ದಾಟುವಷ್ಟರಲ್ಲಿ ನಮ್ಮ ಅಪೀಲು ಇಡೀ ಬಸ್ಸಿಗೆ ಬಾಯಿಪಾಠವಾಗಿತ್ತು. ಹಲಸಿನಕಾಯಿ ಹೊತ್ತು ಹತ್ತಿದ್ದ ಒಬ್ಬ ಅಜ್ಜಿ ಕೊಂಕಣಿಯಲ್ಲಿ ಏನೋ ಹೇಳಿ ಕಾಕಾನ ಕಿವಿಯನ್ನು ಮುಟ್ಟಿ ನೋಡಿದಳು. ಕಂಡಕ್ಟರು, "ಗೆಲ್ತೀರಿ ಬಿಡ್ರಿ" ಎಂದು ತೀರ್ಪನ್ನೂ ಕೊಟ್ಟುಬಿಟ್ಟ. ಅಣಶಿ ಘಟ್ಟದ ತಿರುವುಗಳಲ್ಲಿ ನನಗೆ ವಾಂತಿ ಬರುವಂತಾಗಿ ಕಣ್ಣು ಮುಚ್ಚಿ ಕುಳಿತಿದ್ದೆ.

ಉತ್ತರ ಬರಲು ಒಂದು ವರ್ಷದ ಮೇಲಾಯಿತು. ಬಂದಾಗ ನಾನು ಶಾಲೆಯಿಂದ ಅರ್ಧಕ್ಕೇ ಓಡಿ ಬಂದೆ. ಪಿಂಚಣಿ ಮಂಜೂರಾಗಿತ್ತು! ಕಾಕುವನ್ನು ಅಪ್ಪಿಕೊಂಡೆ, ಪೇಢೆ ತರಿಸಿದೆ. ಆಮೇಲೆ ಕಾಕಾ, "ಏನಂತ ಬರದಾರ, ಹಂಗ ಹೇಳ್ರಿ" ಎಂದು ಪಟ್ಟು ಹಿಡಿದಾಗ ನಿಧಾನವಾಗಿ ಓದಿದೆ. ಕುಸ್ತಿಯಿಂದ ಮೊದಲೇ ಇದ್ದ ಕಿವಿಯ ದೋಷ ಸೈನ್ಯದ ಸೇವೆಯಲ್ಲಿ ಉಲ್ಬಣಿಸಿದೆ ಎಂದು ಒಪ್ಪಲಾಗಿದೆ. ಅಂದರೆ ತಾಲೀಮು ಆರಂಭಿಸಿದ್ದನ್ನು ತೋಪು ಮುಗಿಸಿತು ಎಂದು. ಕೊಡುವ ಪಿಂಚಣಿಯಲ್ಲಿ ಅದರಿಂದ ಏನೂ ವ್ಯತ್ಯಾಸವಿರಲಿಲ್ಲ.

ಕಾಕಾ ಪೇಢೆಯನ್ನು ತಟ್ಟೆಗೆ ವಾಪಸು ಇಟ್ಟರು. ಆದರೂ ಆಸೆ ಬಿಡದೆ ಕಾಗದ ಹಿಡಿದು ಗ್ಯಾರೇಜಿಗೆ ಹೋದರು, ನಾನೂ ಹಿಂದೆ ಹೋದೆ. ವಸ್ತಾದರು ಎಣ್ಣೆಯ ಕೈ ಒರೆಸಿಕೊಂಡು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. "ಭಾಳ ಖುಷಿ ಆತು. ಆದ್ರ ಮೊದಲನೇ ಪೆಟ್ಟು ನಂದ ಅಂತ ಇನ್ನೂ ಅಂತಾರಲ್ಲ ಅಕ್ಕೋರ" ಎಂದರು. ಕಾಕಾನ ಕಡೆ ನೋಡದೆ ಮತ್ತೆ ಲಾರಿಯ ಕೆಳಗೆ ಹೋದರು.

ಮತ್ತೆ ಅಪೀಲು ಮಾಡೋಣ ಎಂದರು ಕಾಕಾ. ನನಗೆ ತಲೆ ಕೆಟ್ಟುಹೋಯಿತು. ಇಂದೂರಿನ ಗುಮಾಸ್ತರಿಗೆ ಫೋನು ಮಾಡಿದರೆ ಅವರೂ ಬೇಡವೇ ಬೇಡ ಎಂದರು. ಮತ್ತೆ ಕೆದಕಿದರೆ ಹೊಸ ಮಂಡಳಿ ಕೂರುತ್ತದೆ, ಕಿವುಡುತನ ಕಡಿಮೆ ಎಂದು ಬರೆದರೆ ಕೊಟ್ಟದ್ದೂ ಕೈ ತಪ್ಪುತ್ತದೆ ಎಂದು ಎಚ್ಚರಿಸಿದರು. ನಾನು ಅದನ್ನು ಕಾಕಾಗೆ ಹೇಳಲಿಲ್ಲ, ಕಾಕುಗೆ ಹೇಳಿದೆ. ಸಂಸಾರ ನಡೆಸುವ ಹೆಂಗಸು, ಗಂಡನಿಗೆ ಬುದ್ಧಿ ಹೇಳುತ್ತಾರೆ ಎಂಬ ನನ್ನ ಚಾಣಾಕ್ಷತನ.

ಕಾಕು ಅಕ್ಕಿ ಆರಿಸುತ್ತಿದ್ದರು. ಮೊರವನ್ನು ಬದಿಗಿಟ್ಟು, "ಹೋದ್ರ ಹೋಗಲಿ" ಎಂದರು. "ಅದಲ್ರಿ ಅಕ್ಕೋರ, ನೀವು ಶಾಣ್ಯಾರು, ಅವರೂ ಶಾಣ್ಯಾರು. ವಸ್ತಾದ್ರ ಕಿವೀನ ಯಾರೂ ನೋಡೇ ಇಲ್ಲಲ್ಲ."

ನನಗೆ ತಿಳಿಯಲಿಲ್ಲ.

"ಅವರ ಕಿವಿ ಇವರಕಿಂತ ಹೆಚ್ಚು ಒಡದಾವು. ಅವರ ವಸ್ತಾದ್ರು ಒಡದಿದ್ದು. ಅವರು ಗ್ಯಾರೇಜಿನಾಗ ಕುಂತು, ರಸ್ತಾದಾಗ ಹೋಗೂ ಲಾರಿ ಸಪ್ಪಳಾ ಕೇಳಿ ಯಾವ ಬೇರಿಂಗ್ ಸವದೈತಿ ಅಂತ ಹೇಳತಾರ. ಕಿವಿ ಒಡದ್ರ ಕಿವುಡ ಆಗೂದಾದ್ರ ಅವರಿಗೆ ಹೆಂಗ ಕೇಳತೈತ್ರಿ?"

ಹಾಲಿನವನಿಗೆ ಕೇಳುತ್ತಿತ್ತು, ಬಟ್ಟೆ ಅಂಗಡಿಯವರಿಗೆ ಕೇಳುತ್ತಿತ್ತು. ಒಡೆದ ಕಿವಿಯವರು ಊರ ತುಂಬ ಇದ್ದರು, ಅವರಲ್ಲಿ ಯಾರಿಗೂ ನಾನು ಒಂದು ದಿನವಾದರೂ ಎರಡನೆಯ ಸಲ ಮಾತು ಹೇಳಿರಲಿಲ್ಲ. ಕಣ್ಣೆದುರೇ ಇದ್ದದ್ದು ನಮಗ್ಯಾರಿಗೂ ಕಾಣದೆ ಹೋದದ್ದಕ್ಕೆ ಒಂದೇ ಕಾರಣ. ನಾವೆಲ್ಲ ಕಾಕಾನ ಕಿವಿಯನ್ನಷ್ಟೇ ನೋಡುತ್ತಿದ್ದೆವು.

ಹುಬ್ಬಳ್ಳಿಯ ಒಬ್ಬ ಕಿವಿ ಡಾಕ್ಟರನ್ನು ಗೊತ್ತು ಮಾಡಿದೆ. ಹಳೆಯ ಪೈಲವಾನರು ಕಿವಿ ಪರೀಕ್ಷೆಗೆ ಒಪ್ಪಿದರು. ಅವರಲ್ಲಿ ದಾಂಡೇಲಿಯ ಕಟ್ಟಿಗೆ ಕೊಯ್ಯುವ ಯಂತ್ರದ ಮುಂದೆ ಕೆಲಸ ಮಾಡುವವರನ್ನು ನಾನು ಬೇಕೆಂದೇ ಬಿಟ್ಟೆ. ಆ ಸದ್ದಿನ ತಕರಾರು ಇದರೊಳಗೆ ಬೆರೆಯುವುದು ಬೇಡವಾಗಿತ್ತು. ವಸ್ತಾದರು ಮಾತ್ರ ಬರುವುದಿಲ್ಲ ಎಂದರು. ನಾನು ಹೋಗಿ ಹೇಳಿದೆ, ಆಗಲಿಲ್ಲ. ಕಾಕಾ ಹೋದರು, ಆಗಲಿಲ್ಲ. ಆಗ ಕಾಕು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ವರ್ಷಗಟ್ಟಲೆ ಕೂಗಿ ಕೂಗಿ ಪಳಗಿದ ಆ ದನಿಯ ಮುಂದೆ ಗ್ಯಾರೇಜಿನ ಸುತ್ತಿಗೆಗಳೆಲ್ಲ ನಿಂತವು.

"ನಿಮ್ಮ ಮ್ಯಾಲ ನೀವ ತಪ್ಪ ಹೊರಿಸಿಕೊಂಡು ಕುಂತೀರಿ. ಅದನ್ನ ತಪಾಸಣಿ ಮಾಡೂದು ಬ್ಯಾಡೇನು? ಹುಬ್ಬಳ್ಳಿಗೆ ಬರ್ರಿ. ನಿಮಗೂ ಕೇಳಾಂಗಿಲ್ಲ ಅಂತ ಡಾಕ್ಟರ್ ಅಂದ್ರ, ನನ್ನ ಗಂಡನ್ನ ಕಿವುಡ ಮಾಡಿದ್ದು ನೀವ ಅಂತ ನಾನ ಓಣಿ ತುಂಬ ಹೇಳತೇನಿ. ಬರ್ರಿ!"

ವಸ್ತಾದರು ಲಾರಿಯ ಕೆಳಗಿನಿಂದ ಹೊರಗೆ ಬಂದರು.

ಬೆಳಗಿನ ಹುಬ್ಬಳ್ಳಿ ಬಸ್ಸಿನಲ್ಲಿ ಆ ದಿನ ಹಿಂದಿನ ಸೀಟುಗಳೆಲ್ಲ ಒಡೆದ ಕಿವಿಯವರೇ. ತಲೆಗೆ ಪಟಗಾ ಸುತ್ತಿದ, ಮೀಸೆ ತಿರುವಿದ, ಮಂಡಿನೋವಿನ ಮಾಜಿ ಪೈಲವಾನರು ಮದುವೆಯ ದಿಬ್ಬಣದ ಹಾಗೆ ಹರಟುತ್ತ ಬಂದರು. ಡಾಕ್ಟರು ಮೊದಲು ನಕ್ಕರು, ಆಮೇಲೆ ಆಸಕ್ತಿಯಿಂದ ಒಬ್ಬೊಬ್ಬರನ್ನೇ ಗಾಜಿನ ಕೋಣೆಯೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಶಬ್ದ ಕೇಳಿದಾಗ ಬೆರಳೆತ್ತಬೇಕು. ಪೈಲವಾನರೆಲ್ಲ ಎತ್ತಿದರು. ಕಾಕಾ ಕುಳಿತಾಗ ಹೊರಗೆ ನಿಂತ ನಾವು ಗಾಜಿಗೆ ಮುಖ ಹಚ್ಚಿ ನೋಡುತ್ತಿದ್ದೆವು. ಅವರ ಬೆರಳು ತೊಡೆಯ ಮೇಲೆಯೇ ಇತ್ತು, ಸದ್ದು ಬಹಳ ಏರಿಸಿದಾಗ ಮಾತ್ರ ಎದ್ದಿತು. ಕಾಕು ಮುಖ ಆ ಕಡೆ ತಿರುಗಿಸಿದರು.

ಕಡೆಗೆ ವಸ್ತಾದರು. ಅವರ ಬೆರಳು ಏಳುತ್ತಲೇ ಇತ್ತು. ಡಾಕ್ಟರು ಸದ್ದು ಇಳಿಸಿದರು, ಬೆರಳು ಎದ್ದಿತು. ಇನ್ನೂ ಇಳಿಸಿದರು, ಆಗಲೂ ಎದ್ದಿತು. ಹೊರಗೆ ಬಂದು ಡಾಕ್ಟರು, "ಈ ವಯಸ್ಸಿನಾಗ ಇಷ್ಟ ಚಲೋ ಕಿವಿ ನಂಗೂ ಇರಲಿಕ್ಕಿಲ್ಲ. ಹೊರಗಿನ ಕಿವಿ ಅಂದ್ರ ಬಾಗಲಾ ಚೌಕಟ್ಟು ಇದ್ದಂಗ. ಚೌಕಟ್ಟು ಸೊಟ್ಟಾದ್ರ ಮನಿ ಒಳಗಿನವರು ಕಿವುಡರಾಗೂದಿಲ್ಲ. ಈ ಹವಾಲ್ದಾರ್ರಿಗೆ ಹೋಗಿದ್ದು ಒಳಗಿನ ನರ. ಅದು ದೊಡ್ಡ ಸಪ್ಪಳದ್ದ ಕೆಲಸ" ಎಂದರು.

ವಸ್ತಾದರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನಾನು ಇನ್ನಾದರೂ ಬಾಗಿಲು ತೆಗೆಯಬಹುದಲ್ಲ ಎಂದು ಕೇಳಿದ್ದಕ್ಕೆ, "ಡಾಕ್ಟರ್ ಅಂದಿದ್ದು ದಿಲ್‌ಗೆ ಮುಟ್ಟಿತು. ಆದ್ರ ಸರಕಾರದ ಕಾಗದದಾಗ ನನ್ನ ಕೈ ಇನ್ನೂ ಐತಿ. ಅದು ಹೋಗಲಿ" ಎಂದರು. ನನಗೆ ಮೇಜು ಕುಟ್ಟಬೇಕೆನ್ನಿಸಿತು. ಈ ಇಬ್ಬರು ಪೈಲವಾನರಲ್ಲಿ ಯಾರ ಹಟ ದೊಡ್ಡದು ಎಂದು ಹೇಳುವುದು ನನ್ನಿಂದಾಗದ ಕೆಲಸ.

ಎರಡನೆಯ ಅಪೀಲನ್ನು ನಾನು ಸಿಟ್ಟಿನಲ್ಲಿಯೇ ಬರೆದೆ, ಬಹುಶಃ ಅದಕ್ಕೇ ಚೆನ್ನಾಗಿ ಬಂತು. ಎಲ್ಲ ಪೈಲವಾನರ ಪರೀಕ್ಷೆಯ ವರದಿಗಳನ್ನು, ಅವರವರ ಕಿವಿಯ ಫೋಟೋಗಳನ್ನು ಲಗತ್ತಿಸಿದೆ. ಮತ್ತೆ ಮಂಡಳಿಯ ಮುಂದೆ ಕರೆ ಬಂತು. ಹೊಸ ಡಾಕ್ಟರು ಅದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೇಳಿದರಂತೆ, ಕಿವಿಗೆ ಏನಾಯಿತು ಎಂದು. ಕಾಕಾ ಏನೆಂದರು ಎಂದು ನಾನು ಹೆದರುತ್ತ ವಿಚಾರಿಸಿದೆ. "ಇದ್ದದ್ದ ಹೇಳಿದ್ನಿ. ನಮ್ಮ ವಸ್ತಾದ್ರು ಒಡದಿದ್ದು ಅಂತ" ಎಂದರು. ಕಾಕು ಕೂಡ ತಲೆಯಾಡಿಸಿದರು, ಇನ್ನೇನು ಹೇಳಬೇಕಿತ್ತು ಎನ್ನುವ ಹಾಗೆ. ನಾನು ಆ ರಾತ್ರಿ ಊಟ ಬಿಟ್ಟು ಮಲಗಿದೆ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಅಷ್ಟರಲ್ಲಿ ನನಗೆ ಧಾರವಾಡಕ್ಕೆ ವರ್ಗದ ಆಜ್ಞೆ ಬಂದಿತ್ತು, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಟಪಾಲಿನವನು ಬಂದ. ಈ ಸಲ ಕಾಕಾ ಮೊದಲು ಓದಿಸಲಿಲ್ಲ, ವಸ್ತಾದರನ್ನು ಕರೆತಂದು ಕೂರಿಸಿ ಆಮೇಲೆ ನನ್ನ ಕೈಗೆ ಕೊಟ್ಟರು. ಕಿವುಡುತನಕ್ಕೆ ತೋಪಿನ ಸದ್ದೇ ಕಾರಣ, ಅದು ಸೇವೆಯಿಂದಲೇ ಉಂಟಾದದ್ದು, ಹಿಂದಿನ ಕಾರಣವನ್ನು ಕೈಬಿಡಲಾಗಿದೆ. ನಾನು ಕನ್ನಡದಲ್ಲಿ ಹೇಳಿದೆ. ಕಾಕು ಅದನ್ನೇ ಕಾಕಾಗೆ ಕೂಗಿ ಹೇಳಿದರು. ವಸ್ತಾದರು ಇನ್ನೊಮ್ಮೆ ಓದು ಎಂದರು, ಓದಿದೆ. ಕಾಗದವನ್ನು ಅವರು ಮುಟ್ಟಲಿಲ್ಲ. ಎದ್ದು ನೇರವಾಗಿ ಓಣಿಯ ಹಿರಿಯರ ಮನೆಗೆ ಕೀಲಿಕೈ ಕೇಳಲು ಹೋದರು.

ತಾಲೀಮಿನ ಕೆಂಪು ಮಣ್ಣು ಇಷ್ಟು ವರ್ಷ ಮುಟ್ಟುವವರಿಲ್ಲದೆ ಕಲ್ಲಾಗಿತ್ತು. ಇಬ್ಬರೂ ಸೇರಿ ಗುದ್ದಲಿಯಿಂದ ಅಗೆದರು, ಹೆಂಟೆ ಒಡೆದರು, ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ತುಳಿದು ಹದ ಮಾಡಿದರು. ಒಳಗೆ ಹೆಂಗಸರು ಹೋಗುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಕಾಕು ನನ್ನ ಕೈ ಹಿಡಿದು ಪಕ್ಕದ ಸಂದಿಯ ಕಿಟಕಿಯ ಹತ್ತಿರ ಎಳೆದುಕೊಂಡು ಹೋದರು.

ಕಣದಲ್ಲಿ ವಸ್ತಾದರು ಮತ್ತು ಕಾಕಾ ಇಬ್ಬರೇ ಲಂಗೋಟಿಯಲ್ಲಿ ನಿಂತಿದ್ದರು. ವಸ್ತಾದರು ಒಂದು ಹಿಡಿ ಮಣ್ಣೆತ್ತಿ ಕಾಕಾನ ಕತ್ತಿಗೆ ಹಚ್ಚಿದರು, ಕಾಕಾ ಬಗ್ಗಿ ಅವರ ಪಾದ ಮುಟ್ಟಿದರು. ಆಮೇಲೆ ಹಣೆಗೆ ಹಣೆ ಕೊಟ್ಟು ಹಿಡಿದರು. ಮುದುಕರ ಕುಸ್ತಿ, ಬೀಳಿಸುವ ಆತುರ ಯಾರಿಗೂ ಇರಲಿಲ್ಲ. ವಸ್ತಾದರ ಅಂಗೈ ಮೊಣಕೈಗೆ ತಾಗಿದರೆ ಕಾಕಾ ಸರಿದರು, ತೊಡೆಗೆ ತಾಗಿದರೆ ಹೊರಳಿದರು, ಭುಜವನ್ನು ತುಸು ಒತ್ತಿದರೆ ಇನ್ನೊಂದು ಪಟ್ಟಿಗೆ ಹೋದರು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ತಕ್ಷಣ ಉತ್ತರ ಕೊಡುತ್ತಿದ್ದರು. ಅಷ್ಟು ವರ್ಷ ಆ ಮನೆಯಲ್ಲಿದ್ದೂ ಕಾಕಾ ಯಾರೊಡನೆಯೂ ಇಷ್ಟು ಸರಾಗವಾಗಿ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಣ್ಣು ತುಂಬಿತು.

ಕಾಕು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು.

"ಈ ಊರಾಗ ಇವರು ಕಿವುಡರಲ್ಲದ ಜಾಗಾ ಇದೊಂದ ಇತ್ರಿ ಅಕ್ಕೋರ," ಎಂದರು, "ಅದಕ್ಕ ಬೀಗ ಬಿದ್ದಿತ್ತು."